ಅಕ್ಕೋರನ್ನ ಕೇಳಿ: ಏನೂ ಮಾಡದ ಆ ಒಂದು ದಿನ

ನಮ್ಮ ಕಡೆ ‘ಕ್ಯಾಂಪಿಗೆ ಹೋಗಿದ್ದೆ’ ಅಂದರೆ ‘ಯಾವ ಕ್ಯಾಂಪ್?’ ಅಂತ ಕೇಳುತ್ತಾರೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಗದ್ದೆ ಮಾಡಿದವರ ಊರುಗಳು ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಎಷ್ಟೊಂದಿವೆ. ಎಲ್ಲವೂ ಕ್ಯಾಂಪ್‌ಗಳೇ. ಪೂರ್ವ ಬಂಗಾಳದ ನಿರಾಶ್ರಿತರಿಗೆ ಪುನರ್ವಸತಿ ಕೊಟ್ಟ ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳಲ್ಲಂತೂ ಬಂಗಾಳಿ ಮಾತು ಕೇಳಿಸುತ್ತದೆ. ಈಗ ಇವುಗಳ ಜೊತೆ ಟೆಂಟ್ ಹಾಕುವ ಕ್ಯಾಂಪೂ ಸೇರಿಕೊಂಡಿದೆ. ಡಿಸೆಂಬರ್ ರಜೆ ಮುಗಿದ ಮೇಲೆ ಬಂದ ಪತ್ರಗಳಲ್ಲಿ ಅರ್ಧ ಅದರ ಬಗ್ಗೆಯೇ. ಇಪ್ಪತ್ತೆರಡು ವರ್ಷ ಗೈಡ್ಸ್ ಹುಡುಗಿಯರನ್ನು ಕಟ್ಟಿಕೊಂಡು ಗುಡ್ಡ ಸುತ್ತಿದವಳು ನಾನು. ಅದಕ್ಕೇ ಸಂಪಾದಕರು ಇಡೀ ಕಟ್ಟನ್ನು ನನ್ನ ಕಡೆ ತಳ್ಳಿದ್ದಾರೆ. ಮೊದಲ ಪತ್ರ ಉದ್ದ ಇದೆ, ಉತ್ತರವೂ ಉದ್ದ. ಉಳಿದವರು ಸ್ವಲ್ಪ ತಡೆದುಕೊಳ್ಳಿ.

ಪ್ರಶ್ನೆ: ಅಕ್ಕೋರೇ, ಡಿಸೆಂಬರ್ ಕೊನೆಗೆ ನಾವು ಐದು ಜನ ಸಾಣಾಪುರದ ಹತ್ತಿರ ಒಬ್ಬರ ತೋಟದಲ್ಲಿ ದುಡ್ಡು ಕೊಟ್ಟು ಟೆಂಟ್ ಹಾಕಿದ್ದೆವು. ನಾನು, ನಮ್ಮವರು, ಮೈದುನ, ಹನ್ನೆರಡು ವರ್ಷದ ಮಗ, ಎಂಟು ವರ್ಷದ ಮಗಳು. ಎರಡು ರಾತ್ರಿ, ಮೂರು ದಿನ. ಮೊದಲ ದಿನ ಹರಿಗೋಲಿನಲ್ಲಿ ಕೂತೆವು, ದಾರಿಯಲ್ಲಿ ಐಸ್ ಹಾಕಿದ ಕಬ್ಬಿನ ಹಾಲು ಕುಡಿದೆವು, ಮಧ್ಯಾಹ್ನ ಅಂಜನಾದ್ರಿ ಹತ್ತಿದೆವು. ಎರಡನೇ ದಿನಕ್ಕೆ ಆನೆಗೊಂದಿ, ಪಂಪಾ ಸರೋವರ, ನವವೃಂದಾವನ ಅಂತ ಪಟ್ಟಿ ಬರೆದಿಟ್ಟಿದ್ದೆ. ಒಂದೂ ಆಗಲಿಲ್ಲ. ಬೆಳಗಿನ ಜಾವ ಮಗಳಿಗೆ ಹೊಟ್ಟೆ ಕೆಟ್ಟಿತು. ನಮ್ಮವರಿಗೆ ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ, ಕಾಲೂರಲು ಆಗಲಿಲ್ಲ. ಮಗನಿಗೆ ಮೈತುಂಬ ಸೊಳ್ಳೆ ಕಚ್ಚಿದ ದದ್ದು. ನನಗೆ ತಲೆನೋವು. ಮಗಳ ಬಟ್ಟೆ ಒಗೆದೆ. ಹೊದಿಕೆ ಒಗೆದೆ. ಹಗ್ಗ ಕಟ್ಟಿ ಒಣಹಾಕಿದೆ. ಬೋರಿನ ನೀರು ತಂದು ಕಾಯಿಸಿ ಆರಿಸಿದೆ. ಓಆರ್‌ಎಸ್ ಕಲಸಿ ಕುಡಿಸಿದೆ. ಗಂಜಿ ಮಾಡಿದೆ. ನಮ್ಮವರ ಕಾಲಿಗೆ ಪಟ್ಟಿ ಹಾಕಿದೆ. ರೊಟ್ಟಿ ಗಂಟಿಗೆ ಇರುವೆ ಹತ್ತಿತ್ತು, ಒಂದೊಂದೇ ಕೊಡವಿ ಬಿಸಿಲಿಗಿಟ್ಟೆ. ಟೆಂಟ್ ಒಳಗಿನ ಚಾಪೆ ಒದ್ದೆಯಾಗಿತ್ತು, ಒಣಗಿಸಿದೆ. ಮಸಿ ಹಿಡಿದ ಪಾತ್ರೆ ತಿಕ್ಕಿದೆ. ಮಗನ ಬ್ಯಾಗಿನ ಹಿಡಿ ಕಿತ್ತಿತ್ತು, ಹೊಲಿದೆ. ಅಷ್ಟರಲ್ಲಿ ಕತ್ತಲಾಯಿತು. ಓಆರ್‌ಎಸ್ ತರಲು ಹೋದ ಮೈದುನ ಬಂದದ್ದೇ ಎರಡು ತಾಸಿಗೆ. ಮನೆಗೆ ಬಂದ ಮೇಲೆ ಅತ್ತೆ ‘ಏನೇನು ನೋಡಿದ್ರಿ?’ ಅಂದರು. ‘ಒಂದಿಡೀ ದಿನ ಏನೂ ಮಾಡಲಿಲ್ಲ’ ಅಂದೆ. ಆ ದಿನ ದಂಡವಾಯಿತಲ್ಲ ಅಂತ ಈಗಲೂ ಚುಚ್ಚುತ್ತದೆ. ತಪ್ಪಿದ್ದು ಎಲ್ಲಿ?
– ಓದುಗರು, ಕೊಪ್ಪಳ

ಉತ್ತರ: ತಂಗೀ, ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ನೀವು ಮಾಡಿದ ಒಂದೊಂದು ಕೆಲಸದ ಪಕ್ಕ ಒಂದೊಂದು ಗೆರೆ ಹಾಕುತ್ತಾ ಹೋದೆ. ಹನ್ನೊಂದು ಗೆರೆ ಆದವು. ಅದರ ಕೆಳಗೇ ‘ಏನೂ ಮಾಡಲಿಲ್ಲ’ ಅಂತ ನಿಮ್ಮದೇ ಅಕ್ಷರ. ನಲವತ್ತು ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಕೈ ಇದು, ಲೆಕ್ಕ ತಪ್ಪಲಿಕ್ಕಿಲ್ಲ. ಆಮೇಲೆ ನಿಮ್ಮವರ ಹೆಸರಿಗೆ ಎಷ್ಟು ಗೆರೆ ಅಂತ ನೋಡಿದೆ. ಗುಳ್ಳೆಯೊಂದೇ. ಮೈದುನನ ಲೆಕ್ಕಕ್ಕೆ ಒಂದು ಪೊಟ್ಟಣ. ಎರಡು ತಾಸು ಅಂದರೆ ಎಲ್ಲೋ ಕೂತು ಒಗ್ಗರಣೆ-ಮಿರ್ಚಿ ತಿಂದೇ ಬಂದಿರಬೇಕು. ಇರಲಿ ಬಿಡಿ, ನಾನು ನೋಡಿಲ್ಲ.

ಆ ದಿನ ದಂಡವಾಗಿದ್ದು ನಿಮಗೊಬ್ಬರಿಗೇ. ಉಳಿದ ನಾಲ್ವರಿಗೆ ಅದು ವಿಶ್ರಾಂತಿಯ ದಿನ. ನೀವು ಮಾತ್ರ ಮನೆಯ ಹಿತ್ತಲನ್ನೇ ಸಾಣಾಪುರಕ್ಕೆ ಹೊತ್ತುಕೊಂಡು ಹೋಗಿದ್ದಿರಿ. ಒಲೆ ಚಿಕ್ಕದು, ನಲ್ಲಿ ದೂರ, ಅಷ್ಟೇ ವ್ಯತ್ಯಾಸ.

ತಪ್ಪಿದ್ದು ಎಲ್ಲಿ ಅಂತ ಕೇಳಿದ್ದೀರಿ. ಎರಡನೇ ದಿನ ಏನೂ ತಪ್ಪಿಲ್ಲ. ತಪ್ಪಿದ್ದೆಲ್ಲ ಮೊದಲನೇ ದಿನ. ಅಂಜನಾದ್ರಿಗೆ 575 ಮೆಟ್ಟಿಲು. ಅದನ್ನು ಮಧ್ಯಾಹ್ನ ಹತ್ತಿದಿರಿ. ಡಿಸೆಂಬರ್ ಅಂತ ನೀವು ಅಂದುಕೊಂಡಿರಿ, ಬಂಡೆ ಹಾಗೆ ಅಂದುಕೊಳ್ಳುವುದಿಲ್ಲ. ನಮ್ಮ ಗುಡ್ಡವೆಲ್ಲ ಗ್ರಾನೈಟು, ಸುಮಾರು 250 ಕೋಟಿ ವರ್ಷ ಹಳೆಯದು. ಬೆಳಗ್ಗೆಯಿಂದ ಬಿಸಿಲು ಕುಡಿದು ಸಂಜೆಯವರೆಗೂ ಕಾವು ಬಿಡುತ್ತಲೇ ಇರುತ್ತದೆ. ಮೇಲಿನ ಬಿಸಿಲು ಒಂದು, ಕೆಳಗಿನದು ಇನ್ನೊಂದು. ನಿಮ್ಮವರು ಹರಿಗೋಲಿನಲ್ಲಿ ಕಾಲುಚೀಲ ಒದ್ದೆ ಮಾಡಿಕೊಂಡು ಅದರ ಮೇಲೇ ಹೊಸ ಬೂಟು ಹಾಕಿದ್ದಾರೆ ಅಂತ ನನ್ನ ಅಂದಾಜು. ಒದ್ದೆ ಚರ್ಮ, ಹೊಸ ಬೂಟು, ಹತ್ತಿ ಇಳಿಯುವ ಮೆಟ್ಟಿಲು. ಗುಳ್ಳೆ ಏಳದಿದ್ದರೇ ಆಶ್ಚರ್ಯ. ಅದನ್ನು ಒಡೆಯಬಾರದು. ತಾನಾಗಿ ಒಡೆದರೆ ಮೇಲಿನ ಸಿಪ್ಪೆ ಕೀಳದೆ ತೊಳೆದು ಪಟ್ಟಿ ಹಾಕಬೇಕು. ಕಚ್ಚುತ್ತಿದೆ ಅಂತ ಅನಿಸಿದ ಕ್ಷಣವೇ ಅಲ್ಲಿಗೆ ಒಂದು ಬ್ಯಾಂಡೇಜ್ ಅಂಟಿಸಿದ್ದರೆ ಇಷ್ಟೂ ಇರಲಿಲ್ಲ. ಗಂಡಸರು ಕೂತು ಬೂಟು ಬಿಚ್ಚಿ ನೋಡುವುದಿಲ್ಲ, ಅದೇನೋ ಮರ್ಯಾದೆ ಪ್ರಶ್ನೆ.

ಸೊಳ್ಳೆ ವಿಷಯ ಬೇಗ ಮುಗಿಸುತ್ತೇನೆ. ಸಾಣಾಪುರ ಅಂದರೆ ಕಾಲುವೆ, ಕೆರೆ, ಭತ್ತದ ಗದ್ದೆ. ಸಂಜೆ ಆರಕ್ಕೆ ತುಂಬು ತೋಳಿನ ಅಂಗಿ ಹಾಕಿಸಿ, ಕೈಕಾಲಿಗೆ ಸೊಳ್ಳೆ ಮುಲಾಮು ಹಚ್ಚಿ. ದದ್ದಿಗೆ ಕ್ಯಾಲಮೈನ್ ಲೋಷನ್ ಸಾಕು.

ನಿಮ್ಮ ತಲೆನೋವಿನ ಬಗ್ಗೆ ನೀವು ಬರೆದದ್ದು ಎರಡೇ ಪದ. ನಾನು ಅಲ್ಲೇ ನಿಂತೆ. ಮೊದಲ ದಿನ ಎಷ್ಟು ನೀರು ಕುಡಿದಿರಿ? ನಾನೇ ಹೇಳುತ್ತೇನೆ. ಹರಿಗೋಲಿಗೆ ಮುಂಚೆ ಕುಡಿಯಲಿಲ್ಲ, ನಡು ನೀರಿನಲ್ಲಿ ಒತ್ತಡ ಬಂದರೆ ಏನು ಗತಿ ಅಂತ. ಗುಡ್ಡಕ್ಕೆ ಮುಂಚೆ ಕುಡಿಯಲಿಲ್ಲ, ಮೇಲೆ ಎಲ್ಲಿ ಹೋಗುವುದು ಅಂತ. ರಾತ್ರಿ ಕುಡಿಯಲಿಲ್ಲ, ಕತ್ತಲಲ್ಲಿ ಟೆಂಟ್ ಬಿಟ್ಟು ಹೋಗಲು ಭಯ ಅಂತ. ಬಾಟಲಿ ಹೊತ್ತವರು ನೀವೇ, ಎಲ್ಲರಿಗೂ ಕೊಟ್ಟವರು ನೀವೇ. ನಮ್ಮ ಹುಡುಗಿಯರೂ ಹೀಗೇ ಮಾಡುತ್ತಿದ್ದರು. ಮೂರನೇ ತಾಸಿಗೆ ತಲೆ ಹಿಡಿದುಕೊಂಡು ಕೂರುವರು. ಅದಕ್ಕೇ ನಾನು ಎಲ್ಲಿಗೆ ಹೋದರೂ ಮೊದಲು ಶೌಚಾಲಯ ಎಲ್ಲಿ ಅಂತ ಕೇಳಿ, ಎಲ್ಲರೆದುರು ಗಟ್ಟಿಯಾಗಿ ಹೇಳಿಬಿಡುತ್ತಿದ್ದೆ. ಆಮೇಲೆ ಬಾಟಲಿಗಳು ತಾವಾಗೇ ಖಾಲಿಯಾಗುತ್ತಿದ್ದವು.

ಮಗಳ ಹೊಟ್ಟೆಗೆ ಆ ಐಸೇ ಕಾರಣ ಅಂತ ಆಣೆ ಮಾಡಲಾರೆ. ಆದರೆ ಅನುಮಾನ ಮೊದಲು ಅದರ ಮೇಲೇ. ನೀವು ಮಾಡಿದ ಉಪಚಾರ ಸರಿ ಇದೆ. ಒಂದೆರಡು ಮಾತು ಸೇರಿಸುತ್ತೇನೆ. ಓಆರ್‌ಎಸ್ ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೆ ಒಂದೇ ಸಲ ಹಾಕಬೇಕು. ‘ಅರ್ಧ ಪುಡಿ, ಒಂದು ಲೋಟ’ ಅಂತ ಅಂದಾಜು ಮಾಡಬಾರದು. ಪೊಟ್ಟಣ ಸಿಗದಿದ್ದರೆ ಮೈದುನನ ದಾರಿ ಕಾಯಬೇಕಿಲ್ಲ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಗೋಪುರ ಆಗಬಾರದು, ಬೆರಳಿನಿಂದ ಸವರಿ ಸಮ ಮಾಡಿ. 24 ತಾಸಾದ ಮೇಲೆ ಉಳಿದದ್ದು ಚೆಲ್ಲಿ. ಅಂಗಡಿಯ ಸಿಹಿ ಪಾನೀಯದ ಡಬ್ಬಿ ಓಆರ್‌ಎಸ್ ಅಲ್ಲ. ಡಬ್ಲ್ಯುಎಚ್‌ಒ ಹೇಳಿದ ಅಳತೆಯದ್ದಲ್ಲದ ಪಾನೀಯಕ್ಕೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಮಾಡಿದೆ. ಮಲದಲ್ಲಿ ರಕ್ತ ಕಂಡರೆ, ಕುಡಿಸಿದ್ದೆಲ್ಲ ವಾಂತಿಯಾದರೆ, ಆರು ತಾಸು ಮೂತ್ರವೇ ಹೋಗದಿದ್ದರೆ, ಮಗು ಮಂಕಾಗಿ ಬಿದ್ದುಕೊಂಡರೆ ಟೆಂಟ್ ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ಈ ಉಪ್ಪು-ಸಕ್ಕರೆ ನೀರಿನದೂ ಒಂದು ಕ್ಯಾಂಪಿನ ಕಥೆಯೇ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಕ್ಯಾಂಪಿನಲ್ಲಿ ಕಾಲರಾ ಹಬ್ಬಿತು. ಸಲೈನ್ ಸಾಕಾಗಲಿಲ್ಲ. ಡಾಕ್ಟರ್ ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಡಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ರೊಳಗೆ ಇಳಿಯಿತು. ಅಲ್ಲಿ ಮನೆಯವರು ಮಾಡಿದ ಕೆಲಸವನ್ನೇ ನೀವು ತೋಟದಲ್ಲಿ ಇಡೀ ದಿನ ಚಮಚ ಹಿಡಿದು ಮಾಡಿದ್ದೀರಿ. ಅದನ್ನು ‘ಏನೂ ಮಾಡಲಿಲ್ಲ’ ಅನ್ನುವ ಗಂಟಿಗೆ ಹಾಕಬೇಡಿ.

ಬಟ್ಟೆಯನ್ನು ಹೊಳೆಗೆ ಒಯ್ಯದೆ ತೋಟದಲ್ಲೇ ಒಗೆದದ್ದು ನನಗೆ ಇಷ್ಟವಾಯಿತು. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಆ ಪ್ರಾಣಿಗಳಿರುವ ನೀರಿಗೆ ನಮ್ಮ ಸೋಪಿನ ನೊರೆ ಯಾಕೆ? ನೀರಿನ ದಂಡೆಯಿಂದ 60 ಮೀಟರಾದರೂ ದೂರ ಒಗೆಯಬೇಕು ಅಂತ ನಾವು ಹುಡುಗಿಯರಿಗೆ ಹೆಜ್ಜೆ ಎಣಿಸಿ ತೋರಿಸುತ್ತಿದ್ದೆವು. ಹೊಳೆಯಲ್ಲಿ ಮೊಸಳೆಯೂ ಇದೆ. ಇದೊಂದು ಮಾತು ಹೇಳಿದರೆ ಹುಡುಗಿಯರು ಎಣಿಸದೇ ದೂರ ನಿಲ್ಲುತ್ತಿದ್ದರು.

ಈಗ ನನ್ನ ದಂಡದ ದಿನದ ಕಥೆ ಕೇಳಿ. 1996ರ ಡಿಸೆಂಬರ್. ಆಗಿನ್ನೂ ಕೊಪ್ಪಳ ಜಿಲ್ಲೆ ಆಗಿರಲಿಲ್ಲ, ನಾವೆಲ್ಲ ರಾಯಚೂರು ಜಿಲ್ಲೆಯವರು. ಹಿರೇಬೆಣಕಲ್ ಗುಡ್ಡದ ಬುಡದಲ್ಲಿ ಹದಿನೆಂಟು ಹುಡುಗಿಯರು, ಇಬ್ಬರು ಅಕ್ಕೋರು, ಅಡುಗೆಗೆ ಒಬ್ಬ ಅಜ್ಜಿ. ಮೇಲೆ ಮೊರೇರ ಗುಡ್ಡ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಸಮಾಧಿಗಳು, ಸುಮಾರು 400. ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದು, ಕೆಲವಕ್ಕೆ ದುಂಡನೆಯ ಕಿಂಡಿ. ಮೊರೇರು ಅಂದರೆ ಕುಳ್ಳರು, ಅವರೇ ಕಟ್ಟಿದ ಮನೆಗಳಿವು ಅಂತ ಊರವರು ಹೇಳುವರು. ಬಂಡೆಯ ಮೇಲೆ ಕಲ್ಲಿನದೇ ಒಂದು ನಗಾರಿ ಇದೆ, ಬಡಿದರೆ ದೂರದವರೆಗೆ ಕೇಳುತ್ತದೆ. ಅದನ್ನು ತೋರಿಸಬೇಕೆಂದು ಎರಡು ತಿಂಗಳಿಂದ ಕನಸು ಕಂಡಿದ್ದೆ. ನೋಟ್ಸ್ ಬೇರೆ ಮಾಡಿಕೊಂಡಿದ್ದೆ.

ಎರಡನೇ ದಿನ ನಸುಕಿನಲ್ಲಿ ತಂಬಿಗೆ ಹಿಡಿದು ಪೊದೆ ಕಡೆ ಹೋದೆ. ಬಳ್ಳಾರಿ ಜಾಲಿ. ಮೂಲದಲ್ಲಿ ಅಮೆರಿಕದ ಕಡೆಯ ಗಿಡ, ನಮ್ಮಲ್ಲಿ ಬಳ್ಳಾರಿಯ ಹೆಸರು ಹೊತ್ತು ಓಡಾಡುತ್ತಿದೆ. ಅದರ ಒಣ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿ ನೇರ ಹಿಮ್ಮಡಿಗೆ ಇಳಿಯಿತು. ಚಪ್ಪಲಿ ಕಿತ್ತರೆ ಮುಳ್ಳು ಚಪ್ಪಲಿಯ ಜೊತೆ ಬಂತು, ತುದಿ ಮಾತ್ರ ಒಳಗೇ ಮುರಿಯಿತು. ತಂಬಿಗೆಯ ನೀರೆಲ್ಲ ಚೆಲ್ಲಿತ್ತು. ಒಂಟಿ ಕಾಲಿನಲ್ಲಿ ಕುಂಟುತ್ತಾ ಬಂದೆ.

ಅಜ್ಜಿ ನನ್ನನ್ನು ಅಕ್ಕಿ ಮೂಟೆಯ ಮೇಲೆ ಕೂರಿಸಿ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಸೇಫ್ಟಿ ಪಿನ್ನನ್ನು ಸ್ಟೋವಿನ ಉರಿಗೆ ಹಿಡಿದಳು, ತುದಿ ಕೆಂಪಾಗಿ ಆಮೇಲೆ ನೀಲಿಯಾಯಿತು. ಆರಲು ಬಿಟ್ಟಳು. ಹುಡುಗಿಯೊಬ್ಬಳು ಟಾರ್ಚ್ ಹಿಡಿದಳು, ಅವಳ ಕೈ ನಡುಗಿ ಬೆಳಕು ನನ್ನ ಮೂಗಿನ ಮೇಲೆ ಬೀಳುತ್ತಿತ್ತು. ಹಿಮ್ಮಡಿಯ ಚರ್ಮ ಹಳೇ ಚಕ್ಕಡಿ ಗಾಲಿ ಇದ್ದ ಹಾಗೆ, ಮೊದಲ ನಾಲ್ಕು ಪದರಕ್ಕೆ ನೋವೇ ಇಲ್ಲ. ಬಿಳಿ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ನಡುವೆ ಎಳ್ಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಅಜ್ಜಿ ಅದನ್ನು ನೇರವಾಗಿ ಚುಚ್ಚಲಿಲ್ಲ. ಪಕ್ಕದಿಂದ ಪಿನ್ ಇಳಿಸಿ, ಎರಡು ಹೆಬ್ಬೆರಳಿನಿಂದ ಒತ್ತಿದಳು. ಜೋಳದ ಕಾಳಿನ ಅರ್ಧದಷ್ಟು ತುಂಡು ಹೊರಗೆ ಜಾರಿತು. ಅದನ್ನು ನನ್ನ ಅಂಗೈಯಲ್ಲಿಟ್ಟು ‘ಇದಕ್ಕೇ ಇಷ್ಟು ಒದರಿದ್ರಾ ಅಕ್ಕೋರೆ?’ ಅಂದಳು.

ಅವಳು ಎಕ್ಕದ ಹಾಲನ್ನೂ ಎಲೆಯಲ್ಲಿ ಹಿಡಿದು ತಂದಿದ್ದಳು. ಆಗ ಹಾಕಿಸಿಕೊಂಡೆ, ಈಗ ಯಾರಿಗೂ ಹೇಳುವುದಿಲ್ಲ. ಚರ್ಮ ಸುಡುತ್ತದೆ, ಅದೇ ಕೈ ಕಣ್ಣಿಗೆ ತಾಗಿದರಂತೂ ದೊಡ್ಡ ಆಪತ್ತು. ಸೋಪು, ನೀರು ಸಾಕು. ಮುಳ್ಳು ಆಳಕ್ಕಿಳಿದಿದ್ದರೆ, ಮಣ್ಣು ಸೇರಿದ್ದರೆ, ಧನುರ್ವಾಯು ಚುಚ್ಚುಮದ್ದು ಹಾಕಿಸಿ ಐದು ವರ್ಷ ದಾಟಿದ್ದರೆ ಇನ್ನೊಂದು ಹಾಕಿಸಿಕೊಳ್ಳಬೇಕು. ನಾನು ಮರುದಿನ ಗಂಗಾವತಿಗೆ ಹೋಗಿ ಹಾಕಿಸಿಕೊಂಡೆ. ಚುಚ್ಚುಮದ್ದಿನ ಕೈ ಮುಳ್ಳಿನ ಕಾಲಿಗಿಂತ ಜಾಸ್ತಿ ದಿನ ನೋಯಿತು.

ಸರಿ, ಗುಡ್ಡಕ್ಕೆ ಇನ್ನೊಬ್ಬ ಅಕ್ಕೋರು ಹದಿನೇಳು ಹುಡುಗಿಯರನ್ನು ಕರೆದುಕೊಂಡು ಹೋದರು. ನನ್ನ ನೋಟ್ಸೂ ಹೋಯಿತು. ನಾನು ಉಳಿದೆ. ಒಬ್ಬ ಹುಡುಗಿ ಹೊಟ್ಟೆನೋವು ಅಂತ ಉಳಿದಳು. ಆಮೇಲೆ ಗೊತ್ತಾಯಿತು, ಆವತ್ತೇ ದೊಡ್ಡಾಕಿ ಆಗಿದ್ದಳು. ಅಮ್ಮ ಹತ್ತಿರ ಇಲ್ಲ, ಅಳುತ್ತಾ ಕೂತಿದ್ದಳು. ನನ್ನ ಹಳೇ ವಾಯಿಲ್ ಸೀರೆ ಹರಿದು ಬಟ್ಟೆ ಮಡಿಸಿ ಕೊಟ್ಟೆ. ಬಿಸಿನೀರು ಕಾಯಿಸಿ ಬಾಟಲಿಗೆ ತುಂಬಿ ಟವಲು ಸುತ್ತಿ ಹೊಟ್ಟೆಗೆ ಇಟ್ಟುಕೊಳ್ಳಲು ಕೊಟ್ಟೆ. ಆಮೇಲೆ ಇಬ್ಬರೂ ಮೊರ ಹಿಡಿದು ಕೂತೆವು. ಸಂಜೆ ಊಟದ ಅಕ್ಕಿಯಲ್ಲಿ ಕಲ್ಲು ಆರಿಸುವುದಿತ್ತು. ಅರ್ಧ ಮೂಟೆ ಆರಿಸಿದೆವು. ಅವಳು ಕೇಳದ ಪ್ರಶ್ನೆ ಇಲ್ಲ. ಗುಡಿಗೆ ಯಾಕೆ ಹೋಗಬಾರದು, ಉಪ್ಪಿನಕಾಯಿ ಯಾಕೆ ಮುಟ್ಟಬಾರದು, ಹುಡುಗರಿಗೆ ಏನಾಗುತ್ತದೆ. ಗೊತ್ತಿದ್ದದ್ದು ಹೇಳಿದೆ. ಉಪ್ಪಿನಕಾಯಿ ಡಬ್ಬಿ ತರಿಸಿ ಅವಳ ಕೈಯಿಂದಲೇ ತೆಗೆಸಿ ಮಧ್ಯಾಹ್ನ ಇಬ್ಬರೂ ತಿಂದೆವು. ಕೆಡಲಿಲ್ಲ, ಕ್ಯಾಂಪ್ ಮುಗಿಯುವವರೆಗೂ ಅದೇ ಡಬ್ಬಿ.

ಸಂಜೆ ಹದಿನೇಳು ಹುಡುಗಿಯರು ಕೂಗುತ್ತಾ ಇಳಿದು ಬಂದರು. ‘ನಗಾರಿ ಬಡಿದ್ವಿ, ಕೇಳಿಸ್ತಾ?’ ಅಂದರು. ಕೇಳಿಸಿರಲಿಲ್ಲ. ಪಕ್ಕದ ಹೊಲದಲ್ಲಿ ಪಂಪ್‌ಸೆಟ್ ಓಡುತ್ತಿತ್ತು. ‘ಕೇಳಿಸ್ತು’ ಅಂದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮುಂದಿನ ಸಲ ಮೂರು ದಿನದ ಪಟ್ಟಿ ಬರೆಯುವಾಗ ಎರಡನೇ ದಿನದ ಬೆಳಗ್ಗೆ ಖಾಲಿ ಬಿಡಿ. ಅಮೆರಿಕದಲ್ಲಿ ಅಪಲೇಶಿಯನ್ ಹಾದಿ ಅಂತ ಇದೆ, ಸುಮಾರು 3,500 ಕಿ.ಮೀ. ಅದನ್ನು ಪೂರ್ತಿ ನಡೆಯುವವರು ನಡುನಡುವೆ ಒಂದು ಹೆಜ್ಜೆಯೂ ಮುಂದೆ ಹೋಗದ ದಿನ ಇಟ್ಟುಕೊಳ್ಳುತ್ತಾರೆ. ಅದಕ್ಕೆ ‘ಜೀರೋ’ ಅಂತಲೇ ಹೆಸರು. ಬಟ್ಟೆ ಒಗೆಯುತ್ತಾರೆ, ಗುಳ್ಳೆಗೆ ಪಟ್ಟಿ ಹಾಕುತ್ತಾರೆ, ಹೊಟ್ಟೆ ತುಂಬ ತಿನ್ನುತ್ತಾರೆ. ಅಷ್ಟು ನಡೆಯುವವರಿಗೇ ಬೇಕು ಅಂದಮೇಲೆ 575 ಮೆಟ್ಟಿಲು ಹತ್ತಿದ ನಮಗೆ ಬೇಡವಾ? ಒಂದು ವ್ಯತ್ಯಾಸ ಇದೆ. ಅಲ್ಲಿ ಅವರವರ ಬಟ್ಟೆ ಅವರವರೇ ಒಗೆಯುತ್ತಾರೆ.

ನಿಮ್ಮವರಿಗೆ ಗುಳ್ಳೆ ಎದ್ದದ್ದು ಕಾಲಿಗೆ, ಕೈಗಲ್ಲ. ಕೂತಲ್ಲೇ ಪಾತ್ರೆ ತಿಕ್ಕಬಹುದು, ರೊಟ್ಟಿಯ ಇರುವೆ ಕೊಡವಬಹುದು, ಮಗಳಿಗೆ ಚಮಚದಲ್ಲಿ ಕುಡಿಸಬಹುದು. ಹನ್ನೆರಡು ವರ್ಷದ ಹುಡುಗನಿಗೆ ಸೂಜಿಗೆ ದಾರ ಪೋಣಿಸಲು ಬರಬೇಕು, ಅವನ ಬ್ಯಾಗು ಅವನೇ ಹೊಲಿಯಲಿ. ಹೊಲಿಗೆ ವಕ್ರವಾದರೆ ಆಗಲಿ. ಮೈದುನ ನೀರು ತರಲಿ, ಅಂಗಡಿಗೆ ಬೇಕಾದರೆ ನೀವೇ ಹೋಗಿ. ಎರಡು ತಾಸಿಗೇ ಬನ್ನಿ. ಮಿರ್ಚಿ ಬಿಸಿ ಇರುವಾಗಲೇ ತಿನ್ನಿ.

ಅತ್ತೆ ಇನ್ನೊಮ್ಮೆ ಕೇಳಿದರೆ ನೀವು ನನಗೆ ಬರೆದ ಪತ್ರವನ್ನೇ ಓದಿ ಹೇಳಿ. ಗೆರೆ ಹಾಕಿದ ಪ್ರತಿ ಅಂಚೆಯಲ್ಲಿ ಕಳಿಸಿದ್ದೇನೆ.

ಪ್ರಶ್ನೆ: ಮೂವರು ಗೆಳೆಯರು ಕೃಷ್ಣಾ ದಂಡೆಯ ತಗ್ಗಿನಲ್ಲಿ ಟೆಂಟ್ ಹಾಕಿದ್ದೆವು. ಮಳೆ ಇಲ್ಲ, ಆದರೂ ಬೆಳಗ್ಗೆ ಒಳಗೆಲ್ಲ ನೀರು. ಅಂಗಡಿಯವನು ಸೋರುವ ಟೆಂಟ್ ಕೊಟ್ಟು ಮೋಸ ಮಾಡಿದ ಅಂತ ಜಗಳ ಮಾಡಿ ಬಂದೆ. ಸರಿ ತಾನೇ?
– ಓದುಗರು, ರಾಯಚೂರು

ಉತ್ತರ: ಜಗಳಕ್ಕೆ ಮುಂಚೆ ಬರೆಯಬೇಕಿತ್ತು. ಒಳಗಿನ ನೀರು ನಿಮ್ಮ ಮೂವರದೇ ಉಸಿರು. ಹೊರಗೆ ಚಳಿ, ಒಳಗೆ ಬಿಸಿ ಉಸಿರು, ನಡುವೆ ತೆಳ್ಳಗಿನ ಬಟ್ಟೆ. ತಣ್ಣನೆ ತಂಬಿಗೆಯ ಹೊರಗೆ ಹನಿ ಕಟ್ಟುತ್ತದಲ್ಲ, ಅದೇ. ಹೊಲಿಗೆಯ ಗೆರೆಯಲ್ಲಿ ಮಾತ್ರ ಒದ್ದೆ ಇದ್ದರೆ ಸೋರಿಕೆ. ಎಲ್ಲ ಕಡೆ ಸಮನಾಗಿ ಬೆವೆತಿದ್ದರೆ ಉಸಿರು. ಚಳಿ ಅಂತ ಕಿಟಕಿಯೆಲ್ಲ ಮುಚ್ಚಿ ಮಲಗಿದ್ದಿರಿ, ಹೌದಲ್ವಾ? ಮೇಲಿನ ಜಾಲರಿ ತೆರೆದಿಡಿ, ನೀರಿನ ಪಕ್ಕದ ತಗ್ಗು ಬಿಟ್ಟು ಸ್ವಲ್ಪ ಎತ್ತರದಲ್ಲಿ ಹಾಕಿ. ಚಳಿಗೆ ಅಂತ ಒಳಗೆ ಸ್ಟೋವ್, ಕೆಂಡ ಮಾತ್ರ ಇಡಬೇಡಿ, ಅದರ ಕಣ್ಣಿಗೆ ಕಾಣದ ವಿಷಗಾಳಿಗೆ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಒದ್ದೆ ಟೆಂಟನ್ನು ಹಾಗೇ ಮಡಿಸಿಟ್ಟಿದ್ದರೆ ಇವತ್ತೇ ಬಿಚ್ಚಿ ಒಣಗಿಸಿ, ಬೂಷ್ಟು ಹಿಡಿಯುತ್ತದೆ. ಅಂಗಡಿಯವನಿಗೆ ಒಂದು ಚಹಾ ಕುಡಿಸಿ.

ಪ್ರಶ್ನೆ: ಸಂಡೂರು ಕಡೆ ಗುಡ್ಡದಲ್ಲಿ ಬಂಡೆ ಸಂದಿಯಿಂದ ಚೇಳು ಬಂದು ಗೆಳೆಯನಿಗೆ ಕುಟುಕಿತು. ಈರುಳ್ಳಿ ಉಜ್ಜಿದೆವು, ಕಡಿಮೆಯಾಯಿತು. ಇದು ಒಳ್ಳೆಯ ಮದ್ದಾ?
– ಓದುಗರು, ಬಳ್ಳಾರಿ

ಉತ್ತರ: ಅದು ತಾನಾಗಿಯೇ ಕಡಿಮೆಯಾಗಿದೆ, ಹೆಸರು ಈರುಳ್ಳಿಗೆ ಹೋಗಿದೆ. ಎಲ್ಲ ಚೇಳೂ ಒಂದೇ ಅಲ್ಲ. ಕೆಂಪು ಚೇಳು ಹೃದಯಕ್ಕೇ ತೊಂದರೆ ಕೊಡುತ್ತದೆ, ಮಕ್ಕಳಿಗೆ ಜಾಸ್ತಿ ಅಪಾಯ. ಬೆವರು ಸುರಿದರೆ, ವಾಂತಿಯಾದರೆ, ಕೈಕಾಲು ತಣ್ಣಗಾದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಇದಕ್ಕೆ ಪ್ರಾಜೋಸಿನ್ ಅನ್ನುವ ಬಿ.ಪಿ. ಮಾತ್ರೆ ಪ್ರಾಣ ಉಳಿಸುತ್ತದೆ ಅಂತ ತೋರಿಸಿದವರು ಮಹಾರಾಷ್ಟ್ರದ ಮಹಾಡ್ ಅನ್ನುವ ಸಣ್ಣ ಊರಿನ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್. ಆದರೆ ಅದನ್ನು ಕೊಡಬೇಕಾದವರು ಡಾಕ್ಟರು, ನೀವು ಜೇಬಿನಲ್ಲಿಟ್ಟುಕೊಂಡು ತಿರುಗುವುದಲ್ಲ. ಬೆಳಗ್ಗೆ ಬೂಟು ಕೊಡವಿ ಹಾಕಿ. ಈರುಳ್ಳಿ ಮಂಡಕ್ಕಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಅಕ್ಕೋರೇ, ನಾನು ಒಂಬತ್ತನೇ ಕ್ಲಾಸು. ಸ್ಕೂಲಿನಿಂದ ಕ್ಯಾಂಪ್ ಹೋಗಿದ್ವಿ. ದಿನಚರಿ ಬರೆದು ತೋರಿಸಬೇಕು. ಒಂದು ದಿನ ನನಗೆ ಜ್ವರ ಬಂದು ಮಲಗಿದ್ದೆ. ಏನೂ ಆಗಲಿಲ್ಲ. ಆ ದಿನಕ್ಕೆ ಏನು ಬರೆಯಲಿ?
– ಓದುಗ, ಗಂಗಾವತಿ

ಉತ್ತರ: ‘ಏನೂ ಆಗಲಿಲ್ಲ’ ಅಂತ ಬರೆದರೆ ನಿಮ್ಮ ಸರ್ ಸೊನ್ನೆ ಹಾಕುತ್ತಾರೆ, ನಾನಾಗಿದ್ದರೂ ಹಾಕುತ್ತಿದ್ದೆ. ಮಲಗಿದ್ದಾಗ ಮೇಲೆ ಏನು ಕಾಣುತ್ತಿತ್ತು? ಟೆಂಟಿನ ಬಟ್ಟೆ ಯಾವ ಬಣ್ಣ, ಬಿಸಿಲು ಬಿದ್ದಾಗ ಒಳಗೆ ಮುಖಗಳು ಯಾವ ಬಣ್ಣ? ಮಾತ್ರೆ ಯಾರು ಕೊಟ್ಟರು, ನೀರು ಯಾವ ಲೋಟದಲ್ಲಿ? ಹೊರಗೆ ಗೆಳೆಯರು ಯಾವುದಕ್ಕೆ ನಗುತ್ತಿದ್ದರು? ಇಷ್ಟಕ್ಕೆ ಒಂದು ಪುಟ ಆಗುತ್ತದೆ. ಮೇಲಿನ ಪತ್ರಕ್ಕೆ ಉತ್ತರ ಬರೆಯಲು ನನ್ನ ಹಳೇ ಡೈರಿ ಹುಡುಕಿ ತೆಗೆದೆ. ಆ ಪುಟ ಹೀಗಿದೆ, ಬೇಕಾದರೆ ನೋಡಿಕೋ, ಕಾಪಿ ಹೊಡೆಯಬೇಡ:

‘27-12-1996, ಶುಕ್ರವಾರ. ಮುಳ್ಳು ತೆಗೆಸಿದೆ. ಸೀರೆ ಒಂದು ಹೋಯಿತು. ಅಕ್ಕಿ ಅರ್ಧ ಮೂಟೆ ಆರಿಸಿದೆವು, ಕಲ್ಲು ಎರಡು ಬೊಗಸೆ. ಗುಡ್ಡಕ್ಕೆ ಹೋಗಲಿಲ್ಲ. ರಾತ್ರಿ ಸಾರಿಗೆ ಅಜ್ಜಿ ಎರಡು ಸಲ ಉಪ್ಪು ಹಾಕಿದ್ದಾಳೆ.’